ಶ್ರೀಕಂಠಯ್ಯನವರ ಏಳನೆಯ ವಾದ್ಯ

ಭಾನುವಾರ ಮಧ್ಯಾಹ್ನದ ನಿದ್ದೆಗೆ ಒಂದು ವಿಶೇಷವಿದೆ: ಅದರಲ್ಲಿ ಕಣ್ಣು ಮುಚ್ಚಿದರೂ ಕಿವಿ ಮುಚ್ಚುವುದಿಲ್ಲ. ಐವತ್ತರ ದಶಕದಲ್ಲಿ, ಧಾರವಾಡದಿಂದ ಬಂದು ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಘಾಟ್ಕೋಪರಿನ ಚಾಳಿನ ಖೋಲಿಯಲ್ಲಿ ಚಾಪೆ ಹಾಸಿ ಒರಗಿದೊಡನೆ, ಗೋಡೆಯಾಚೆಯಿಂದ ಒಮ್ಮೆ ಕೊಳಲು, ಒಮ್ಮೆ ಪಿಟೀಲು, ಮತ್ತೊಮ್ಮೆ ಮ್ಯಾಂಡೋಲಿನ್ ತೇಲಿ ಬಂದು, ಯಾವುದು ನಾದ, ಯಾವುದು ಕನಸು ಎಂಬ ಗಡಿಯೇ ಅಳಿಸಿಹೋಗುತ್ತಿತ್ತು. ಆಚೆ ಇಡೀ ವಾದ್ಯವೃಂದವೇ ಬಿಡಾರ ಹೂಡಿದೆಯೆಂದು ಮೊದಮೊದಲು ತಿಳಿದಿದ್ದೆ. ನೋಡಿದರೆ, ಇದ್ದವರು ಮೈಸೂರಿನ ಶ್ರೀಕಂಠಯ್ಯನವರೊಬ್ಬರೇ; ಜೊತೆಗೆ ಮಿತಭಾಷಿಣಿಯಾದ ಅವರ ಪತ್ನಿ ಶಾರದಮ್ಮ.

ಸಿನಿಮಾ ಹಾಡುಗಳ ಧ್ವನಿಮುದ್ರಣದಲ್ಲಿ ಪಿಟೀಲು ನುಡಿಸುವುದು ಅವರ ವೃತ್ತಿ. ಆದರೆ ಕೊಳಲಿನವನಿಗೆ ಜ್ವರ ಬಂದರೆ ಕೊಳಲು, ಸಿತಾರಿನವನು ಊರಿಗೆ ಹೋದರೆ ಸಿತಾರು. ಹೀಗೆ ಕ್ಲ್ಯಾರಿಯೊನೆಟ್, ಹಾರ್ಮೋನಿಯಂ ಎಲ್ಲ ಸೇರಿ ಆರು ವಾದ್ಯಗಳು ಅವರ ಕೈಗೆ ಪಳಗಿದ್ದವು. ನನಗೋ ಬಾಗಿಲ ಚಿಲಕವನ್ನೂ ಶ್ರುತಿಬದ್ಧವಾಗಿ ಹಾಕಲು ಬಾರದು. ಹಾರ್ಮೋನಿಯಂ ಕಲಿಸಿರೆಂದು ದುಂಬಾಲು ಬಿದ್ದೆ. ಮೂರು ವಾರ ಸಹಿಸಿಕೊಂಡ ಆ ಸಜ್ಜನರು, "ಸಾರ್, ನೀವು ಕೇಳೋದ್ರಲ್ಲೇ ಮುಂದುವರೀರಿ. ಕೇಳೋರೂ ಬೇಕಲ್ಲ," ಎಂದರು.

ಒಂದು ಬೆಳಿಗ್ಗೆ ಲೋಕಲ್ ಗಾಡಿಯ ಬಾಗಿಲಿಗೆ ಸಿಕ್ಕಿ ಅವರ ಎಡಗೈಯ ಎರಡು ಬೆರಳುಗಳು ಜಜ್ಜಿಹೋದವು. ಗಾಯ ಮಾಯಿತು, ಬೆರಳು ಸೆಟೆದೇ ಉಳಿದವು. ತಂತಿ ಒತ್ತುವಂತಿಲ್ಲ, ಕೊಳಲಿನ ರಂಧ್ರ ಮುಚ್ಚುವಂತಿಲ್ಲ. ಗೋಡೆಯಾಚೆ ಮೌನ ಕವಿಯಿತು. ಆ ಮೌನದಲ್ಲಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

"ಹಾರ್ಮೋನಿಯಂ ಅದ ಅಲ್ಲರೀ, ಅದಕ್ಕ ಬಲಗೈ ಸಾಕಲ್ಲ?" ಎಂದು ಸಮಾಧಾನ ಹೇಳಲು ಹೋದೆ.

"ಅದಕ್ಕೆ ಸ್ಟುಡಿಯೋದಲ್ಲಿ ಬೇರೆಯವರಿದಾರೆ ಸಾರ್. ಅವರ ಜಾಗಕ್ಕೆ ನಾನು ಕೈ ಹಾಕೋದೇ?" ಎಂದ ಶ್ರೀಕಂಠಯ್ಯನವರು, ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಬಲಗೈಯ ಮೂರೇ ಬೆರಳಲ್ಲಿ ನುಡಿಸೋದು ಒಂದಿದೆ. ಟ್ರಂಪೆಟ್."

ಆಗ ಅವರಿಗೆ ನಲವತ್ತೆಂಟು. ಬೈಕುಲ್ಲಾದಲ್ಲಿದ್ದ ಪೀಟರ್ ಎಂಬ ಗೋವೆಯ ವಾದಕನ ಬಳಿ, ಮಗ್ಗಿ ಕಲಿಯುವ ಮಗುವಿನಂತೆ, ದಿನವೂ ಸಂಜೆ ಹೋಗತೊಡಗಿದರು. ಇನ್ನು ಮನೆಯ ಅಭ್ಯಾಸವೋ! ಕರುವನ್ನು ಕಳೆದುಕೊಂಡ ಎಮ್ಮೆಯೊಂದು ನನ್ನ ಕನಸಿನೊಳಗೇ ನುಗ್ಗಿದಂತೆ ಬೆಚ್ಚಿ ಏಳುತ್ತಿದ್ದೆ. ಅವರ ಮನೆಯಲ್ಲಿ ವಾದ್ಯ, ಚಾಳಿನಲ್ಲೆಲ್ಲ ವಾದ. ಕೊನೆಗೆ ಎಲ್ಲರ ಪರವಾಗಿ ತಕರಾರು ಹೇಳಲು, ಒಂದೇ ಭಾಷೆಯವನೆಂದು, ನನ್ನನ್ನೇ ಕಳಿಸಿದರು. ಬಾಗಿಲು ತೆರೆದಿತ್ತು. ಊದಿ ಊದಿ ಬಿರಿದಿದ್ದ ಗಂಡನ ತುಟಿಗೆ ಶಾರದಮ್ಮ ತುಪ್ಪ ಸವರುತ್ತಿದ್ದರು. ತಕರಾರು ಒಯ್ದವನು ಕಾಫಿ ಕುಡಿದು ಬಂದೆ. "ಇನ್ನೊಂದೀಟು ದಿನ ತಡೀರಿ," ಎಂದು ಚಾಳಿನವರನ್ನು ನಾನೇ ಬೇಡಿಕೊಂಡೆ.

ವರ್ಷ ಕಳೆಯುವಷ್ಟರಲ್ಲಿ ಎಮ್ಮೆ ಮೆಲ್ಲನೆ ಮರೆಯಾಗಿ, ದೂರದ ಬಂದರಿನಲ್ಲಿ ಹಡಗೊಂದು ಮಂಜಿನೊಳಗಿಂದ ಕರೆದಂತಹ ದನಿ ಗೋಡೆಯಾಚೆ ಹುಟ್ಟಿತ್ತು. ಧ್ವನಿಮುದ್ರಣಕ್ಕೆ ಕರೆಯೂ ಬಂತು. ಎರಡು ವಾರ ಮನೆಯಲ್ಲಿ ಅದರದೇ ಅಭ್ಯಾಸ. ಭಾನುವಾರ ಬೆಳಿಗ್ಗೆ ಅವರ ಜೊತೆ ನಾನೂ ಹೋದೆ. ಮುಂದಿನ ಸಾಲಿನಲ್ಲಿ ಪಿಟೀಲು ಹಿಡಿದು ಕೂರುತ್ತಿದ್ದವರು, ಹಳೆಯ ಗೆಳೆಯರನ್ನೆಲ್ಲ ದಾಟಿ, ಕಟ್ಟಕಡೆಯ ಸಾಲಿಗೆ ಹೋಗಿ ನಿಂತರು. ಹಾಡಿನ ನಡುವೆ ಟ್ರಂಪೆಟ್ಟಿಗೆ ಇದ್ದದ್ದು ನಾಲ್ಕೇ ಸಾಲು. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕಾದರು. ಆ ಸ್ವರಗಳು ಮೇಲೆದ್ದು, ಒಂದಿಷ್ಟೂ ನಡುಗದೆ, ಕೊಠಡಿಯನ್ನೆಲ್ಲ ಸುತ್ತಿ ಬಂದು ನಿಂತವು. ಹಾಡು ಮುಗಿದಾಗ ಪಿಟೀಲಿನವರು ಹಿಂದಕ್ಕೆ ತಿರುಗಿ, ಸ್ವರಲಿಪಿಯ ಸ್ಟ್ಯಾಂಡಿಗೆ ಕಮಾನಿನಿಂದ ಟಕಟಕನೆ ತಟ್ಟಿದರು; ಕೈಯಲ್ಲಿ ವಾದ್ಯ ಹಿಡಿದವರ ಚಪ್ಪಾಳೆ ಅದು. ಶ್ರೀಕಂಠಯ್ಯನವರು ಟ್ರಂಪೆಟ್ಟನ್ನು ಒರೆಸುತ್ತ ತಲೆ ತಗ್ಗಿಸಿಕೊಂಡರು.

ಹಿಂದಿರುಗುವಾಗ ಗಾಡಿಯಲ್ಲಿ ನನ್ನ ಕಿವಿಯ ಬಳಿ ಬಾಗಿ, "ಮನೇಲಿ ಕೇಳಿದ್ರೆ, ಹಾಡಿನ ತುಂಬಾ ನಾನೇ ನುಡಿಸಿದೆ ಅಂದ್ಬಿಡಿ ಸಾರ್," ಎಂದರು.

ಶಾರದಮ್ಮ ಒಲೆಯ ಮುಂದಿದ್ದರು. "ಹೇಗಾಯ್ತು?" ಎಂದು ನನ್ನನ್ನೇ ಕೇಳಿದರು.

"ಹಾಡಿನ ತುಂಬ ಇವರದ ದನೀರಿ," ಎಂದೆ.

"ಹೋಗಲಿ ಬಿಡಿ, ಇರೋದು ನಾಲ್ಕೇ ಸಾಲು. ಹದಿನೈದು ದಿನದಿಂದ ನಾನೂ ಕೇಳ್ತಿಲ್ವೇ?" ಎಂದು ಆಕೆ ನಕ್ಕರು. ಆಮೇಲೆ ಹುಳಿಯನ್ನು ತಿರುವುತ್ತ, ಅಷ್ಟು ವರ್ಷಗಳಲ್ಲಿ ಹಾಡಿದ್ದನ್ನು ನಾನು ಒಮ್ಮೆಯೂ ಕೇಳದಿದ್ದ ಆ ಕಂಠದಲ್ಲಿ, ನಾಲ್ಕೂ ಸಾಲುಗಳನ್ನು ಒಂದು ಸ್ವರವೂ ತಪ್ಪದಂತೆ ಗುನುಗಿದರು. ಶ್ರೀಕಂಠಯ್ಯನವರು ಚಪ್ಪಲಿ ಬಿಡುವುದನ್ನೂ ಮರೆತು ಹೊಸಿಲಲ್ಲೇ ನಿಂತುಬಿಟ್ಟರು.