ಬೇಲಿಗೆ ಕಟ್ಟಿದ ಗಂಟು

ವಾಯ್‌ಸೆಲು ಊರಿನ ಮನೆಗಳಿಗೆ ಬೀಗವಿಲ್ಲ. ತೋಟಕ್ಕೋ ಮೀನಿಗೋ ಹೊರಟವರು ಬಾಗಿಲಿಗೆ ಅಡ್ಡವಾಗಿ ಒಂದು ಪೊರಕೆ ಇಟ್ಟು ಹೋಗುತ್ತಾರೆ. ಪೊರಕೆ ಕಂಡವರು ಅಂಗಳದಿಂದಲೇ ಹಿಂದಿರುಗುತ್ತಾರೆ. ಸೆರಾಮ್ ದ್ವೀಪದ ದಕ್ಷಿಣ ತೀರದಲ್ಲಿ ಎಂಬತ್ತೊಂದು ಮನೆಗಳಿರುವ ಈ ಊರಿನ ತೋಟ ಮತ್ತು ಕಡಲನ್ನು ಮೂವತ್ತನಾಲ್ಕು ವರ್ಷಗಳಿಂದ ಕಾಯುತ್ತಿರುವವರು ಸದ್ರಾಕ್ ಲೆಕಹೇನ. ಈಗ ಅವರಿಗೆ ಅರವತ್ತೊಂಬತ್ತು. ಅವರ ಮೇಲೆ ಪೊಲೀಸ್ ದೂರಿದೆ. ಬೀಗ ಒಡೆದು ಕಳವು ಮಾಡಿದರೆಂಬುದು ಆರೋಪ.

ಊರು ಕಾಯುವವರಿಗೆ ಇಲ್ಲಿ ಕೆವಾಂಗ್ ಎನ್ನುತ್ತಾರೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಕಾಯಿ ಬಲಿಯುವ ತನಕ, ಮೀನು ಮರಿ ಮಾಡುವ ತನಕ, ಕೆವಾಂಗ್ ಒಂದು ಕಂಬಕ್ಕೆ ಎಳೆಯ ತೆಂಗಿನ ಗರಿ ಕಟ್ಟಿದರೆ ಆ ತೋಟವೋ ಆ ಕಡಲಿನ ತುಂಡೋ ಮುಚ್ಚಿದಂತೆ. ತೋಟದ ಯಜಮಾನನೇ ಬಂದರೂ ಕೀಳುವಂತಿಲ್ಲ. ಈ ಕಟ್ಟುಪಾಡಿಗೆ ಸಾಸಿ ಎಂದು ಹೆಸರು. ಕಟ್ಟಿದವರೇ ಅದನ್ನು ಬಿಚ್ಚಬೇಕು. ಒಮ್ಮೆ ಸಾಸಿ ಇದ್ದಾಗ ಸದ್ರಾಕ್ ಅವರ ಭಾವಮೈದುನನೇ ಕಡಲಸೌತೆ ಎನ್ನುವ ಆರು ಕಡಲಜೀವಿ ಹಿಡಿದು ಸಿಕ್ಕಿಬಿದ್ದ. ಸದ್ರಾಕ್ ಅವನಿಗೆ ಇಗರ್ಜಿಯ ಅಂಗಳ ಗುಡಿಸುವ ಶಿಕ್ಷೆ ಕೊಡಿಸಿದರು. ಅವನು ಒಂಬತ್ತು ವರ್ಷ ಮಾತು ಬಿಟ್ಟ.

"ಆ ಒಂಬತ್ತು ವರ್ಷ ನಮ್ಮನೇಲಿ ಮೀನು ಸಾರು ಸ್ವಲ್ಪ ಉಳೀತಿತ್ತು" ಎನ್ನುತ್ತಾರೆ ಹೆಂಡತಿ ಬೆತ್ಸಿ. ಸಿಕ್ಕಿಬಿದ್ದವನು ಅವರ ಸ್ವಂತ ತಮ್ಮ.

ಇನ್ನೊಂದು ಪದ್ಧತಿಯೂ ಇದೆ, ದೂರು ಹುಟ್ಟಿದ್ದು ಅದರಿಂದ. ಬಾಯಾರಿದವರು, ಕಷ್ಟದಲ್ಲಿರುವವರು ಯಾರ ತೋಟದಿಂದಲಾದರೂ ಕಿತ್ತು ಕುಡಿಯಬಹುದು. ಆದರೆ ಹೋಗುವಾಗ ಅಲ್ಲೇ ಒಂದು ಗರಿಯನ್ನು ತಮ್ಮ ಮನೆತನದ ಗಂಟು ಹಾಕಿ ಕಟ್ಟಬೇಕು. ಎಷ್ಟು ಕಾಯಿ ಕಿತ್ತರೋ ಗರಿಯನ್ನು ಅಷ್ಟು ಸೀಳು ಸೀಳಬೇಕು. ಒಂದೊಂದು ಮನೆತನದ ಗಂಟು ಒಂದೊಂದು ರೀತಿ. ತೋಟದವರು ಬಂದು ನೋಡುತ್ತಾರೆ, ಓ, ಇಂಥವರು ಬಂದಿದ್ದರು ಎಂದುಕೊಳ್ಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕಿತ್ತದ್ದು ತಪ್ಪಲ್ಲ, ಗಂಟು ಕಟ್ಟದಿರುವುದು ಕಳ್ಳತನ. ಕಳ್ಳ ಎನಿಸಿಕೊಂಡ ಕೈ ಮತ್ತೆ ಸಾಸಿ ಕಟ್ಟುವಂತಿಲ್ಲ.

ಎರಡು ವರ್ಷದ ಹಿಂದೆ ಊರಿಗೂ ಬೆನ್ನಿನ ಗುಡ್ಡಕ್ಕೂ ನಡುವಿನ ತೆಂಗಿನ ತೋಪನ್ನು ಒಂದು ಸೀಗಡಿ ಕಂಪನಿ ಗುತ್ತಿಗೆಗೆ ಹಿಡಿಯಿತು. ಗುಡ್ಡದ ದಾರಿ ಆ ತೋಪಿನೊಳಗೇ ಹಾದುಹೋಗುತ್ತದೆ. ನೆಲ ಬಹಳ ಹೊತ್ತು ಅಲುಗಿದರೆ ಕಡಲ ಕಡೆ ನೋಡುತ್ತ ನಿಲ್ಲಬೇಡ, ಗುಡ್ಡ ಹತ್ತು ಎಂದು ಇಲ್ಲಿ ಮಾತು ಕಲಿಯುವ ಮೊದಲೇ ಮಕ್ಕಳಿಗೆ ಕಲಿಸುತ್ತಾರೆ. ಇದನ್ನು ಸಭೆಯಲ್ಲಿ ಹೇಳಿದಾಗ ವ್ಯವಸ್ಥಾಪಕ ವಿನಾರ್ಟೊ ಬೇಲಿಗೆ ಗೇಟು ಇಡುತ್ತೇವೆ, ಹಗಲೂ ರಾತ್ರಿ ತೆರೆದಿರುತ್ತದೆ ಎಂದು ಎಲ್ಲರೆದುರು ಮಾತು ಕೊಟ್ಟರು. ನಾಲ್ಕು ತಿಂಗಳಿಗೆ ಗೇಟಿಗೆ ಬೀಗ ಬಿತ್ತು. ಸೀಗಡಿ ಮೇವಿನ ಚೀಲಗಳು ಕಾಣೆಯಾಗುತ್ತಿವೆ ಎಂಬುದು ಕಾರಣ. ಚೀಲಗಳನ್ನು ಪೇಟೆಯಲ್ಲಿ ಮಾರುತ್ತಿದ್ದವನು ಕಂಪನಿಯ ಲಾರಿ ಚಾಲಕನೇ ಎಂದು ಮುಂದೆ ಗೊತ್ತಾಯಿತು. ಅವನನ್ನು ಕೆಲಸದಿಂದ ತೆಗೆದರು. ಬೀಗ ತೆಗೆಯಲಿಲ್ಲ.

ಒಂದು ಬೀಗದಕೈ ಕಂಪನಿಯ ಕಾವಲುಗಾರನ ಜೇಬಿನಲ್ಲಿತ್ತು. ಇನ್ನೊಂದನ್ನು ಊರಿನ ಸುರಕ್ಷತೆಗೆಂದು ಪಂಚಾಯಿತಿ ಮನೆಯ ಕಪಾಟಿನಲ್ಲಿ ಇಡಲಾಯಿತು. ಕಪಾಟಿನ ಬೀಗದಕೈ ಊರಿನ ಮುಖ್ಯಸ್ಥ ಯೊಪಿ ಅವರ ಬಳಿ ಇರುತ್ತದೆ. ಊರಿನ ಮುಖ್ಯಸ್ಥನನ್ನು ಈ ದ್ವೀಪಗಳಲ್ಲಿ ರಾಜ ಎಂದೇ, ಎದುರಿಗಾದರೆ ಬಾಪಾ ರಾಜ ಎಂದು, ಕರೆಯುವುದು. ಕಿರೀಟವಿಲ್ಲ, ಸ್ಕೂಟರ್ ಇದೆ. ವಾರದಲ್ಲಿ ನಾಲ್ಕು ದಿನ ಆ ಸ್ಕೂಟರ್ ಪೇಟೆಯಲ್ಲಿರುತ್ತದೆ.

ಕಳೆದ ಅಕ್ಟೋಬರ್‌ನ ಒಂದು ಮಂಗಳವಾರ, ಬೆಳಗ್ಗೆ ಆರೂ ನಲವತ್ತಕ್ಕೆ ನೆಲ ಅಲುಗಿತು. ನಿಂತವರು ಕುಳಿತರು, ಕುಳಿತವರಿಗೆ ಏಳಲಾಗಲಿಲ್ಲ. ಅಲುಗಾಟ ನಿಂತ ಮೇಲೆ ಊರಿಗೆ ಊರೇ ತೋಪಿನ ಕಡೆ ಓಡಿತು. ಗೇಟು ಮುಚ್ಚಿತ್ತು. ಕಾವಲುಗಾರ ಹೊರ ಊರಿನವನು, ಬೀಗದಕೈ ಜೇಬಿನಲ್ಲಿಟ್ಟುಕೊಂಡೇ ದೋಣಿಕಟ್ಟೆಯ ಕಡೆ ಓಡಿದ್ದ. ರಾಜ ಪೇಟೆಯಲ್ಲಿದ್ದರು. ಮುನ್ನೂರಕ್ಕೂ ಹೆಚ್ಚು ಜನ, ಶಾಲೆಯ ಸಮವಸ್ತ್ರದ ಮಕ್ಕಳು, ನಾಲ್ಕು ದಿನದ ಬಾಣಂತಿಯೊಬ್ಬಳು, ಎಲ್ಲರೂ ತಂತಿ ಬೇಲಿಗೆ ಒತ್ತಿಕೊಂಡು ನಿಂತರು.

ಸದ್ರಾಕ್ ಅವರ ಕೈಯಲ್ಲಿ ಮಚ್ಚು ಇತ್ತು. ಅವರು ಬೀಗದ ತಂಟೆಗೆ ಹೋಗಲಿಲ್ಲ. ಗೇಟು ಕಬ್ಬಿಣದ್ದು, ಅದನ್ನು ಹೊತ್ತ ಕಂಬ ಮರದ್ದು. ಅವರು ಕಂಬ ಕಡಿದರು. ಬೀಗ ಹಾಕಿಕೊಂಡೇ ಗೇಟು ಒಳಕ್ಕೆ ಬಿತ್ತು. ಕೊನೆಗೆ ದಾಟಿದವರು ಬೆತ್ಸಿ. ಮೊಣಕಾಲು ನೋವಿನ ಅವರು ಪಪೆದಾ ಗಂಜಿಯ ಪಾತ್ರೆ ಬಿಡದೆ ತಂದಿದ್ದರು. ಕಾಲು ಗಂಟೆಯ ನಂತರ ಕಡಲು ಬಂತು. ಒಂಬತ್ತು ದೋಣಿ, ಮೊದಲ ಸಾಲಿನ ಮನೆಗಳ ಅಡುಗೆಕೋಣೆಗಳು, ಇಗರ್ಜಿಯ ಒಂದು ಗೋಡೆ ಹೋದವು. ಜನರಲ್ಲಿ ಒಬ್ಬರೂ ಹೋಗಲಿಲ್ಲ.

ಗುಡ್ಡದ ಮೇಲೆ ಎರಡು ದಿನ ಕಳೆಯಿತು. ಕುಡಿಯಲು ಎಳನೀರು ಬಿಟ್ಟರೆ ಏನೂ ಇರಲಿಲ್ಲ. ಊರಿನ ಅಜ್ಜಂದಿರು ನೆಟ್ಟ, ಈಗ ಕಂಪನಿಯ ಬೇಲಿಯೊಳಗಿರುವ ಮರಗಳಿಂದ ಸದ್ರಾಕ್ ಹತ್ತೊಂಬತ್ತು ಎಳನೀರು ಇಳಿಸಿದರು. ಮಕ್ಕಳಿಗೆ, ಬಾಣಂತಿಗೆ, ಮುದುಕರಿಗೆ ಹಂಚಿದರು. ಇಳಿದು ಬರುವಾಗ ಬಿದ್ದ ಗೇಟಿನ ಸರಳಿಗೆ ಒಂದು ಗರಿ ಕಟ್ಟಿದರು, ಹತ್ತೊಂಬತ್ತು ಸೀಳು, ಲೆಕಹೇನ ಮನೆತನದ ಗಂಟು. ಕಂಪನಿಗೆ ಬೇರೆ ಯಾರ ಮೇಲೂ ಅನುಮಾನ ಬಾರದಿರಲಿ ಎಂದು.

ಮೂರನೆಯ ದಿನ ವಿನಾರ್ಟೊ ಬಂದು ಆ ಗರಿ ನೋಡಿದರು. ಇದೇನೆಂದು ಪಕ್ಕದ ಊರಿನ ಕೂಲಿಯವನನ್ನು ಕೇಳಿದರು.

"ಅದು ತೆತೆ ಸದ್ರಾಕ್ ಅವರ ಗಂಟು, ಸಾರ್. ಹತ್ತೊಂಬತ್ತು ತಗೊಂಡಿದಾರೆ. ಹೇಳಿ ಹೋಗಿದಾರಲ್ಲ, ಇನ್ನೇನೂ ಚಿಂತೆ ಇಲ್ಲ" ಎಂದ ಅವನು. ತೆತೆ ಎಂದರೆ ಅಜ್ಜ. ವ್ಯವಹಾರ ಮುಗಿಯಿತೆಂದು ಅವನು ಸಮಾಧಾನ ಹೇಳಿದ್ದ. ವಿನಾರ್ಟೊ ಗರಿಯ ಫೋಟೊ ತೆಗೆದುಕೊಂಡು ಠಾಣೆಗೆ ಹೋದರು.

ಠಾಣೆಯಲ್ಲಿ ಸಾಕ್ಷಿಯಾಗಿ ಇರಿಸಿದ ವಸ್ತುಗಳು ಮೂರು. ಒಂದು, ಬೀಗ, ಸುಸ್ಥಿತಿಯಲ್ಲಿದೆ. ಎರಡು, ಮಚ್ಚು. ಮೂರು, ಗಂಟು ಹಾಕಿದ ತೆಂಗಿನ ಗರಿ. ಸುಸ್ಥಿತಿಯಲ್ಲಿರುವ ಬೀಗವನ್ನು ಒಡೆಯಲಾಗಿದೆ ಎಂದು ದೂರಿನ ಮೊದಲ ಸಾಲಿನಲ್ಲೇ ಬರೆದಿದೆ. ಬರೆದವರಿಗೂ ಓದಿದವರಿಗೂ ಅದು ವಿಚಿತ್ರವಾಗಿ ಕಂಡಿಲ್ಲ. ಮುನ್ನೂರು ಜನರ ಹೆಸರು ಆ ದೂರಿನಲ್ಲಿ ಎಲ್ಲೂ ಇಲ್ಲ. ಕಡಲು ಬಂದ ವಿಷಯವೂ ಇಲ್ಲ.

"ಬೇರೆ ಯಾರಿಗೂ ಗೊತ್ತಾಗ್ತಿರಲಿಲ್ಲ ತೆತೆ. ನೀವ್ಯಾಕೆ ಗುರುತು ಬಿಟ್ಟು ಬಂದ್ರಿ?" ಎಂದು ಪೊಲೀಸ್ ಅಧಿಕಾರಿ ಬೆರ್ತಿ ಕೇಳಿದರು. ಅವರೂ ಈ ದ್ವೀಪದವರೇ.

"ನಿಮ್ಮಮ್ಮ ಯಾವ ಊರಿನವರಪ್ಪ?"

"ಹತುಮರಿಯವರು."

"ಹಂಗಿದ್ರೆ ಅವರನ್ನೇ ಕೇಳು. ನನ್ನತ್ರ ಯಾಕೆ ಹೇಳಿಸ್ತೀಯ?"

ಬೆರ್ತಿ ಬರೆಯುವುದನ್ನು ನಿಲ್ಲಿಸಿದರು. ಆದರೆ ಬರೆದದ್ದನ್ನು ಹೊಡೆದು ಹಾಕಲಿಲ್ಲ.

ಆಮೇಲೆ ರಾಜಿ ಮಾತು ಬಂತು. ಸದ್ರಾಕ್ ಒಂದು ತಪ್ಪೊಪ್ಪಿಗೆ ಕಾಗದಕ್ಕೆ ಸಹಿ ಹಾಕಿದರೆ ಕಂಪನಿ ದೂರು ಹಿಂದಕ್ಕೆ ಪಡೆಯುತ್ತದೆ, ಹಾಕದಿದ್ದರೆ ನ್ಯಾಯಾಲಯ, ಬಹುಶಃ ಜೈಲು. ಕಾಗದವನ್ನು ರಾಜ ಯೊಪಿ ತಾವೇ ಸದ್ರಾಕ್ ಅವರ ಮನೆಗೆ ತಂದರು.

"ಒಂದು ಸಹಿ ಅಲ್ವಾ ತೆತೆ. ಹಾಕಿಬಿಡಿ. ಊರಿಗೂ ನೆಮ್ಮದಿ."

"ಓದು, ಬಾಪಾ ರಾಜ. ಕನ್ನಡಕ ಅಲೆ ತಗೊಂಡು ಹೋಯ್ತು."

ಯೊಪಿ ಓದಿದರು. ನಾನು ಬೀಗ ಒಡೆದು ಕಳವು ಮಾಡಿದ್ದು ನಿಜ, ಕ್ಷಮೆ ಕೇಳುತ್ತೇನೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ.

"ಕೊನೇ ಸಾಲು ಇನ್ನೊಂದ್ಸಲ."

"ಇನ್ನು ಮುಂದೆ ಹೀಗೆ ಮಾಡುವುದಿಲ್ಲ."

"ಅಂದ್ರೆ ನೆಲ ಮತ್ತೆ ಅಲುಗಿದಾಗ ಮಕ್ಕಳನ್ನ ಬೇಲಿ ಹತ್ರ ಸಾಲಾಗಿ ನಿಲ್ಲಿಸಿ, ನೀನು ಪೇಟೆಯಿಂದ ಬರೋ ತನಕ ಕಾಯ್ಬೇಕು. ಅಷ್ಟೇ ತಾನೆ?"

ಒಳಗಿಂದ ಬೆತ್ಸಿ ಹೇಳಿದರು: "ಕಡಲಿಗೂ ಒಂದು ಕಾಗದ ಬರೀರಿ ಬಾಪಾ ರಾಜ. ವಾರದಲ್ಲಿ ಮೂರು ದಿನ ಮಾತ್ರ ಬಾ ಅಂತ."

ಯೊಪಿ ಕಾಫಿ ಕುಡಿಯದೆ ಎದ್ದರು.

ಸಹಿ ಹಾಕಿದರೆ ಮೂವತ್ತನಾಲ್ಕು ವರ್ಷ ಸಾಸಿ ಕಟ್ಟಿದ ಕೈ ಕಳ್ಳನ ಕೈಯಾಗುತ್ತದೆ. ಹಾಕದಿದ್ದರೆ ಎಪ್ಪತ್ತನೆಯ ವರ್ಷ ಜೈಲಿನಲ್ಲಿ ತುಂಬಬಹುದು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂದು ಅವರನ್ನು ಕೇಳಿದ ವ್ಯವಸ್ಥೆ, ಗೇಟಿಗೆ ಬೀಗ ಹಾಕಿದವರನ್ನು ಈವರೆಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ನವೆಂಬರ್ ಕೊನೆಯ ಶನಿವಾರ ಪಂಚಾಯಿತಿ ಮನೆಯಲ್ಲಿ ವಿನಾರ್ಟೊ, ಬೆರ್ತಿ ಮತ್ತು ಯೊಪಿ ಮೇಜಿನ ಹಿಂದೆ ಕುಳಿತರು. ಮೇಜಿನ ಮೇಲೆ ಕಾಗದ, ಪೆನ್ನು. ಸದ್ರಾಕ್ ಇಗರ್ಜಿಗೆ ತೊಡುವ ಕಪ್ಪು ಅಂಗಿ ತೊಟ್ಟು ಬಂದರು.

"ಸಹಿ ನಾನು ಒಂದ್ಸಲ ಮಾಡಾಯ್ತು" ಎಂದರು. "ನಿಮ್ಮ ಗೇಟಿನ ಮೇಲೇ ಮಾಡಿದ್ದೆ. ತಗೊಂಡಿದ್ದು ಎಷ್ಟು, ತಗೊಂಡವನು ಯಾರು, ಎರಡೂ ಅದರಲ್ಲಿತ್ತು. ನೀವದನ್ನ ಠಾಣೇಲಿ ಒಣಗಿಸ್ತಿದೀರಿ. ಇನ್ನೊಂದು ಸಹಿ ನನ್ನತ್ರ ಇಲ್ಲ."

"ಇದರ ಪರಿಣಾಮ ನಿಮಗೆ ಗೊತ್ತಿಲ್ಲ" ಎಂದರು ವಿನಾರ್ಟೊ.

"ಗೊತ್ತಿಲ್ದೆ ಇರೋದು ನಿಮಗೆ ಸಾರ್. ನೀವು ಬಂದು ಎರಡೇ ವರ್ಷ ಆಯ್ತು." ಅವರು ಎದ್ದರು. "ಇನ್ನೊಂದು ಮಾತು. ನಿಮ್ಮ ಹೊಸ ಕಂಬ ಕಬ್ಬಿಣದ್ದು, ಬೀಗವೂ ಹೊಸದು, ನೋಡ್ಕೊಂಡು ಬಂದೆ. ಆ ಕಂಬ ಮಚ್ಚಿಗೆ ಬಗ್ಗಲ್ಲ. ಅದಕ್ಕೆ ನೆಲ ಮತ್ತೆ ಅಲುಗಿದ್ರೆ ಇಗರ್ಜಿ ಹಿಂದೆ, ಬೇಲಿ ಹಳ್ಳ ದಾಟುತ್ತಲ್ಲ, ಅಲ್ಲಿ ತಂತಿ ಕತ್ತರಿಸ್ತೀನಿ. ಮೊದಲೇ ಹೇಳಿದೀನಿ. ಆಮೇಲೆ ಕದ್ದುಮುಚ್ಚಿ ಮಾಡಿದ ಅನ್ಬೇಡಿ."

ಬೆರ್ತಿ ಅವರ ಮುಂದೆ ಬರೆಯುವ ಪುಸ್ತಕವಿತ್ತು. ಅವರು ಅದನ್ನು ಮುಚ್ಚಿದರು.

ದೂರು ಹಿಂದಕ್ಕೆ ಹೋಗಿಲ್ಲ, ಮುಂದಕ್ಕೂ ಹೋಗಿಲ್ಲ. ಸಹಿ ಇಲ್ಲದ ಕಾಗದ ಪಂಚಾಯಿತಿ ಕಪಾಟಿನಲ್ಲಿ, ಗೇಟಿನ ಹೊಸ ಬೀಗದಕೈ ಪಕ್ಕದಲ್ಲಿದೆ. ಕಪಾಟಿಗೆ ಬೀಗ ಹಾಕಿದೆ. ರಾಜರ ಸ್ಕೂಟರ್ ಪೇಟೆಯಲ್ಲಿದೆ. ಜನವರಿಯಲ್ಲಿ ಸದ್ರಾಕ್ ಬಡಗಣ ತೋಟಗಳಿಗೆ ಸಾಸಿ ಕಟ್ಟಿದರು, ಯಾರೂ ದಾಟಲಿಲ್ಲ.

ಇಗರ್ಜಿ ಹಿಂದಿನ ಬೇಲಿಯಲ್ಲಿ, ಹಳ್ಳದ ಹತ್ತಿರ, ಆಳೆತ್ತರದಲ್ಲಿ ಒಂದು ಗರಿ ತೂಗುತ್ತಿದೆ. ಲೆಕಹೇನ ಮನೆತನದ ಗಂಟು, ಒಂದೂ ಸೀಳಿಲ್ಲ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸದ್ರಾಕ್ ಹಳೆಯ ಗರಿ ಬಿಚ್ಚಿ ಹಸಿಯದನ್ನು ಕಟ್ಟುತ್ತಾರೆ. ಕಂಪನಿಯ ಕೂಲಿಯವರು ಅದನ್ನು ಮುಟ್ಟುವುದಿಲ್ಲ. ಊರಿನ ಮಕ್ಕಳಿಗೆ ಈಗ ಓಡಬೇಕಾದ ಜಾಗ ಅದೇ ಎಂದು ಹೇಳಿಕೊಡಲಾಗುತ್ತಿದೆ.