ಗಂಧರ್ವನನ್ನು ಹಾರಿಸಿದ ಕೈ

ಆಗೆಲ್ಲ ವಿಸಿಆರ್ ಬಾಡಿಗೆಗೆ ಬರುವ ಭಾನುವಾರವೆಂದರೆ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಹಬ್ಬ. ಚಾಪೆ, ಹುರಿಗಡಲೆಯ ಸಮೇತ ಎಲ್ಲರೂ ಪಕ್ಕದ ಮನೆ ಪದ್ಮಕ್ಕನ ನಡುಮನೆಗೆ. ಪೌರಾಣಿಕ ಚಿತ್ರವಾದರೆ ಪದ್ಮಕ್ಕ ಟೀವಿಯ ಮುಂದೆ ಊದುಬತ್ತಿ ಹಚ್ಚುತ್ತಿದ್ದರು. ಹಾಗಾಗಿ ನನ್ನ ಬಾಲ್ಯದ ದೇವರುಗಳಿಗೆಲ್ಲ ಊದುಬತ್ತಿಯ ಜೊತೆ ಕಾದ ಟೀವಿಯ ವಾಸನೆ.

ವಠಾರದಲ್ಲಿ ಅಣಕಿಸುವ ಗುತ್ತಿಗೆ ನನ್ನದು. ಪದ್ಮಕ್ಕನ ಸೀನು, ಮೇಷ್ಟ್ರ ಕೆಮ್ಮು, ಲೆಕ್ಕದಲ್ಲಿ ಫೇಲಾದಾಗಿನ ನನ್ನದೇ ಅಳು, ಎಲ್ಲ ಮಾಡಿ ತೋರಿಸುತ್ತಿದ್ದೆ. ಅಪ್ಪನನ್ನು ಮಾತ್ರ ಅಣಕಿಸಲು ಆಗುತ್ತಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಹೋಗಿದ್ದರು. ಮದುವೆ ಫೋಟೋದಲ್ಲಿ ಅಲ್ಲಾಡದೆ ನಿಂತವರನ್ನು ಅಣಕಿಸುವುದು ಹೇಗೆ? ಅಮ್ಮನೂ ಹೇಳುತ್ತಿದ್ದುದು ಇಷ್ಟೇ: "ಮದರಾಸಿನ ಸ್ಟುಡಿಯೋದಲ್ಲಿ ದೇವರುಗಳನ್ನ ಹಾರಿಸ್ತಿದ್ರು."

ಆ ಭಾನುವಾರ ಗಂಧರ್ವನೊಬ್ಬ ಮೋಡದಿಂದ ಮೋಡಕ್ಕೆ ಹೊರಟ. ಟಾಕೀಸಿನಲ್ಲಿ ಪರದೆಯ ಕರಿ ಅಂಚು ಮುಚ್ಚಿಡುತ್ತಿದ್ದುದನ್ನೆಲ್ಲ ಕ್ಯಾಸೆಟ್ಟು ತೆರೆದಿಟ್ಟಿತ್ತು. ಅವನ ಸೊಂಟದ ತಂತಿ ಫಳಫಳ ಹೊಳೆಯಿತು. ಮೂಲೆಯಲ್ಲಿ ಯಾರದೋ ಕೈ ಹಗ್ಗ ಜಗ್ಗುತ್ತಿತ್ತು. ಅಂಗೈಗೆ ಚೌಕಳಿ ಟವೆಲ್ ಸುತ್ತಿತ್ತು.

"ಪಾಪ, ಗಂಧರ್ವರು ಬಾವಿಗೆ ಬಿದ್ದಿದ್ರು ಅಂತ ಕಾಣುತ್ತೆ, ಸೇದ್ತಿದಾರೆ" ಎಂದೆ. ಎಲ್ಲರೂ ನಕ್ಕರು.

"ಸುಮ್ನಿರೋ ಕೋತಿ" ಎಂದು ಗದರಿದ ಪದ್ಮಕ್ಕನೂ ಬಾಯಿಗೆ ಸೆರಗು ಒತ್ತಿಕೊಂಡರು.

ಅಮ್ಮ ನಗಲಿಲ್ಲ. "ಸ್ವಲ್ಪ ಹಿಂದಕ್ಕೆ ಓಡ್ಸೋ" ಎಂದಳು.

"ಯಾಕಮ್ಮ, ತಂತಿ ನೋಡ್ಬೇಕಾ?"

"ಕೈ ನೋಡ್ಬೇಕು. ಹಗ್ಗ ಕುಯ್ಯುತ್ತೆ ಅಂತ ಮದರಾಸಲ್ಲಿದ್ದಾಗ ದಿನಾ ಬೆಳಗ್ಗೆ ನಾನೇ ಟವೆಲ್ ಸುತ್ತಿ ಕಳಿಸ್ತಿದ್ದೆ. ಹೆಬ್ಬೆರಳ ಹತ್ರ ಗಂಟಿದೆ ನೋಡು. ಅದು ನಾನು ಹಾಕಿದ್ದು."

ಗುಂಡಿ ಒತ್ತಿದೆ. ಗಂಧರ್ವ ಹಿಮ್ಮುಖವಾಗಿ ಹಾರಿ ಬಂದ, ಮತ್ತೆ ಹೊರಟ. ಕೈ ಎರಡು ಸಲ ಜಗ್ಗಿತು, ಹಗ್ಗ ಸಡಿಲಿಸಿತು, ಮರೆಯಾಯಿತು. ಅಮ್ಮ ಮತ್ತೆ ಓಡಿಸು ಎನ್ನಲಿಲ್ಲ. ಎದ್ದು ಮನೆಗೆ ಹೋದಳು.

ಸಂಜೆ ಬಾವಿಕಟ್ಟೆಯ ಹತ್ತಿರ ಯಾರೂ ಇಲ್ಲದಾಗ ಟವೆಲ್ ಸುತ್ತಿಕೊಂಡು ಹಗ್ಗ ಹಿಡಿದೆ. ಎರಡು ಸಲ ಜಗ್ಗಿ, ಸಡಿಲ ಬಿಟ್ಟೆ. ಯಾರನ್ನೂ ನಗಿಸಲೆಂದಲ್ಲದೆ ನಾನು ಮಾಡಿದ ಅಣಕು ಅದೊಂದೇ. ಅಪ್ಪನ ಕೈ ಚೆನ್ನಾಗಿಯೇ ಬಂತು. ಗಂಟು ಮಾತ್ರ ಒಬ್ಬನೇ ಹಾಕಿಕೊಳ್ಳಲು ಆಗಲಿಲ್ಲ. ಟವೆಲ್ ಬಿಚ್ಚಿಬಿಚ್ಚಿ ಹೋಗುತ್ತಿತ್ತು.

ವಠಾರವಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಮ್ಮನೂ ಇಲ್ಲ. ಮೊನ್ನೆ ಅದೇ ಚಿತ್ರ ಫೋನಿನಲ್ಲಿ ಸಿಕ್ಕಿತು. ಹೊಸದಾಗಿ ಶುಚಿ ಮಾಡಿದ್ದಾರಂತೆ, ಕನ್ನಡಿಯ ಹಾಗಿದೆ. ತಂತಿ ಅಳಿಸಿದ್ದಾರೆ, ಮೂಲೆಯನ್ನೂ ಕತ್ತರಿಸಿದ್ದಾರೆ. ಗಂಧರ್ವ ಈಗ ಯಾರ ಹಂಗೂ ಇಲ್ಲದೆ ಹಾರುತ್ತಾನೆ.