ಅಂಜಿಕೆಯ ಅಳತೆ

ಗಂಗಾವತಿಯಲ್ಲಿ ನಮಗೆ ಸಂಖ್ಯಾಶಾಸ್ತ್ರ ಕಲಿಸಿದ ಮೇಡಂ ಕನ್ನಡಕ ಒರೆಸುತ್ತ, "ಮೆಟ್ಟಿಲೆಲ್ಲಾ ಒಂದಾ ಎತ್ತರ ಅದಾವಂತ ನಂಬಬ್ಯಾಡ್ರಿ, ಅಳದು ನೋಡ್ರಿ" ಅನ್ನುತ್ತಿದ್ದರು.

ಹನುಮನಹಳ್ಳಿ ಗುಡ್ಡದಲ್ಲಿ ಚಿರತೆ ಕಾಣಿಸಿಕೊಂಡಾಗ, ಹೊಲಕ್ಕೆ ಹೋಗುವ ಹೆಂಗಸರನ್ನು ನಾವು ಕೇಳಿ ಬಂದೆವು: ಅಂಜಿಕೆ ಇಲ್ಲವೋ, ಸ್ವಲ್ಪವೋ, ಭಾಳವೋ? ಗುಂಪಾಗಿ ಹೋಗುವವರಲ್ಲಿ ಅಂಜಿಕೆ ಕಡಿಮೆ ಎಂದಿತು ನಮ್ಮ ಲೆಕ್ಕ. ಮೇಡಂ ಒಪ್ಪದೆ, 'ಇಲ್ಲ'ದಿಂದ 'ಸ್ವಲ್ಪ'ಕ್ಕೆ, 'ಸ್ವಲ್ಪ'ದಿಂದ 'ಭಾಳ'ಕ್ಕೆ ಏರುವ ಒಂದೊಂದು ಮೆಟ್ಟಿಲನ್ನೂ ಬೇರೆಯಾಗಿ ಪರೀಕ್ಷಿಸಿದರು. ಗುಂಪು 'ಸ್ವಲ್ಪ'ವನ್ನು 'ಇಲ್ಲ' ಮಾಡಿತ್ತು, 'ಭಾಳ'ವನ್ನು ಅಲುಗಾಡಿಸಿರಲಿಲ್ಲ.

ಮರುದಿನ ಅವರೇ ಆ ಹೆಂಗಸರ ಜೊತೆ ಹೊರಟರು, ನಾನೂ ಹಿಂದೆ ನಡೆದೆ. ದಾರಿಯಲ್ಲಿ ಪೊದೆ ಸರಸರ ಎಂದಿತು. ಎಲ್ಲರೂ ನಿಂತೆವು. ಒಬ್ಬಾಕೆ ಮೇಡಂ ಕೈ ಹಿಡಿದು, "ನಿಮಗೆಷ್ಟ್ ಅಂಜಿಕಿ ಐತ್ರಿ?" ಎಂದು ಪಿಸುಗುಟ್ಟಿದಳು.

ಮೇಡಂ ಹೊಲ ಮುಟ್ಟುವವರೆಗೂ ಆಕೆಯ ಕೈ ಬಿಡಲಿಲ್ಲ.